ಅಂಗೈ ಗುರುತು

ಒಂಟಿಕೊಪ್ಪಲಿನ ಆ ಸಣ್ಣ ಹೋಟೆಲಿನಲ್ಲಿ ಸೆಟ್ ದೋಸೆ ತಿಂದು, ಕಾಫಿ ಕುಡಿದು, ಕೈ ತೊಳೆದು, ಒರೆಸಿಕೊಳ್ಳಲೆಂದು ಚೀಲದ ಹೊರಜೇಬಿಗೆ ಕೈ ಹಾಕಿದಾಗ ಹೇಮಶ್ರೀಗೆ ಸಿಕ್ಕಿದ್ದು ಕರವಸ್ತ್ರ ಮಾತ್ರ. ಮೊದಲಿಗೆ ಅವಳಿಗೆ ಏನೂ ಅನ್ನಿಸಲಿಲ್ಲ. ನಿಧಾನವಾಗಿ ಬೆರಳಿನ ಸಂದುಗಳನ್ನೆಲ್ಲ ಒರೆಸಿಕೊಂಡಳು, ತುಟಿ ಒತ್ತಿಕೊಂಡಳು, ಮಡಿಸಿ ಮತ್ತೆ ಜೇಬಿಗಿಡಲು ಹೋದಳು. ಆಗ ನೆನಪಾಯಿತು. ಬೆಳಿಗ್ಗೆ ಲಾಡ್ಜಿನ ಕನ್ನಡಿಯ ಮುಂದೆ ನಿಂತು ಕೊರಳಿನಿಂದ ಲಿಂಗದ ಕರಡಿಗೆಯನ್ನು ದಾರದ ಸಮೇತ ತೆಗೆದು ಇದೇ ಕರವಸ್ತ್ರದಲ್ಲಿ ಸುತ್ತಿ ಇದೇ ಜೇಬಿಗೆ ಇಟ್ಟಿದ್ದಳು. ಈಗ ಕರವಸ್ತ್ರ ಒದ್ದೆಯಾಗಿತ್ತು, ಮುದ್ದೆಯಾಗಿತ್ತು, ಮಲ್ಲಿಗೆಯದೂ ಬೆವರಿನದೂ ವಾಸನೆ ಹೊಡೆಯುತ್ತಿತ್ತು. ಅಂದರೆ ಬೆಳಗಿನಿಂದ ಎಷ್ಟೋ ಸಲ ಅದನ್ನು ಹೊರಗೆ ಎಳೆದಿದ್ದಾಳೆ, ಒರೆಸಿಕೊಂಡಿದ್ದಾಳೆ, ತುರುಕಿದ್ದಾಳೆ. ಯಾವ ಸಲ ಎಳೆದಾಗ ಒಳಗಿನದು ಜಾರಿತು? ಬೆಳ್ಳಿಯ ಕರಡಿಗೆ ನೆಲಕ್ಕೆ ಬಿದ್ದರೆ ಸದ್ದಾಗುವುದಿಲ್ಲವೆ?

ಮೇಜಿನ ಕೆಳಗೆ ಬಗ್ಗಿದಳು. ಸಾಂಬಾರಿನ ಹನಿ, ಯಾರದೋ ಬಸ್ ಟಿಕೀಟು, ತನ್ನದೇ ಕಾಲು. ಲೋಟ ಎತ್ತಲು ಬಂದ ಸಪ್ಲೈಯರ್ ತಾನೂ ಬಗ್ಗಿದ.

“ಏನ್ ಮೇಡಂ, ಮೊಬೈಲಾ?”

“ಅಲ್ಲಪ್ಪ. ಒಂದು ಬೆಳ್ಳಿ ಡಬ್ಬಿ. ಚಿಕ್ಕದು.”

“ವಾಲೆಗೀಲೆ ಇಟ್ಟಿದ್ರಾ?”

“ಹೂಂ,” ಎಂದಳು. ಹಾಗೆ ಯಾಕೆ ಅಂದೆನೆಂದು ಅವಳಿಗೇ ತಿಳಿಯಲಿಲ್ಲ. ಲಿಂಗ ಅಂದಿದ್ದರೆ ಕೊರಳಲ್ಲಿರಬೇಕಾದ್ದು ಚೀಲಕ್ಕೆ ಹೇಗೆ ಬಂತು ಎಂದು ಅವನು ಕೇಳುತ್ತಿರಲಿಲ್ಲ, ಪಾಪ. ಅವನಿಗೆ ಅದೆಲ್ಲ ಯಾತಕ್ಕೆ? ಆದರೂ ಕೇಳಿಯೇಬಿಟ್ಟ ಹಾಗೆ ಅವಳ ಕಿವಿ ಬಿಸಿಯಾಯಿತು. “ಇಲ್ಲೇನೂ ಬಿದ್ದಿಲ್ಲ ಬುಡಿ, ಬಿದ್ದಿದ್ರೆ ನಾವು ಎತ್ತಿಡ್ತಿದ್ವಿ,” ಎಂದು ಅವನು ಒಂದು ಲೋಟ ನೀರನ್ನು ಅವಳ ಮುಂದಿಟ್ಟು ಹೋದ. ಲೋಟದ ಕಡೆಗೆ ಹೋದ ಕೈ ನಡುವೆಯೇ ನಿಂತಿತು. ನಿಲ್ಲಿಸಿದ್ದು ಅವಳಲ್ಲ. ಅವಳು ಇನ್ನೂ ಏನನ್ನೂ ಯೋಚಿಸಿರಲಿಲ್ಲ, ಕೈ ತಾನಾಗಿಯೇ ನಿಂತಿತು. ಲಿಂಗ ಕಳೆದುಕೊಂಡವರು ಅದು ಸಿಗುವ ತನಕ ಹನಿ ನೀರು ಮುಟ್ಟುವುದಿಲ್ಲ. ದೋಸೆಯೂ ಕಾಫಿಯೂ ಆಗಲೇ ಹೊಟ್ಟೆ ಸೇರಿದ್ದವು. ಅದನ್ನು ನೆನೆದಾಗ ಗಂಟಲಿನಲ್ಲಿ ಎಣ್ಣೆಯ ರುಚಿ ಉಕ್ಕಿ ಬಂತು.

ಬಂದ ದಾರಿಯನ್ನೇ ಹಿಡಿದು ವಾಪಸು ಹೊರಟಳು. ಬೆಳಿಗ್ಗೆ ಇದೇ ರಸ್ತೆಯಲ್ಲಿ ಎಷ್ಟು ಹಗುರವಾಗಿ ಬಂದಿದ್ದಳು! ಯಾರ ಹೆಂಡತಿಯೂ ಅಲ್ಲ, ಯಾರ ಸೊಸೆಯೂ ಅಲ್ಲ, ತಿಪಟೂರಿನ ಕೊಬ್ಬರಿ ಮಂಡಿ ಚಂದ್ರಮೌಳಿಯವರ ಮನೆಯವರಂತೂ ಮೊದಲೇ ಅಲ್ಲ. ತಲೆ ಎತ್ತಿಕೊಂಡು, ಹಳೆಯ ಮನೆಗಳ ಜಗಲಿ ನೋಡುತ್ತ, ಬೇಲಿಯ ಮೇಲೆ ಚೆಲ್ಲಿದ ಕಾಗದದ ಹೂ ನೋಡುತ್ತ, ಎಡಕ್ಕೆ ತಿರುಗಬೇಕೆನಿಸಿದರೆ ಎಡಕ್ಕೆ, ಬಲಕ್ಕೆನಿಸಿದರೆ ಬಲಕ್ಕೆ. ನಲವತ್ತು ದಾಟಿದ ಹೆಂಗಸು ಮೊದಲನೆಯ ಸಲ ಒಬ್ಬಳೇ ಒಂದು ಊರಿನಲ್ಲಿ ನಡೆಯುವುದೆಂದರೆ ಕಾಲಿಗೇ ಒಂದು ಬಗೆಯ ನಗು ಬರುತ್ತದೆ. ಈಗ ಅದೇ ರಸ್ತೆಯ ನೆಲವಷ್ಟೇ ಕಾಣುತ್ತಿತ್ತು. ಚರಂಡಿಯ ಕಲ್ಲು, ಗುಟ್ಕಾ ಚೀಟಿ, ಒಣಗಿದ ಎಲೆ. ಪ್ರತಿಯೊಂದು ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದವೂ ಒಂದು ಕ್ಷಣ ಕರಡಿಗೆಯಾಗಿ, ಹತ್ತಿರ ಹೋದರೆ ಕಾಗದವಾಗುತ್ತಿತ್ತು. ಬೆಳಿಗ್ಗೆ ಎಡಕ್ಕೆ ತಿರುಗಿದ್ದು ಈ ಮೂಲೆಯಲ್ಲೋ ಆ ಮೂಲೆಯಲ್ಲೋ ಜ್ಞಾಪಕಕ್ಕೆ ಬರಲಿಲ್ಲ. ಮನಸ್ಸಿಗೆ ಬಂದಂತೆ ತಿರುಗಿದವಳಿಗೆ ಈಗ ಒಂದೊಂದು ತಿರುವೂ ಬೇಕಾಗಿತ್ತು. ಗೇಟಿನ ಮುಂದೆ ರಂಗೋಲಿ ಅಳಿಸಿಹೋಗಿದ್ದ ಒಂದು ಮನೆಯ ಎದುರು ಬಗ್ಗಿ ಹುಡುಕುತ್ತಿದ್ದಾಗ ಒಳಗಿನಿಂದ ಒಬ್ಬ ಮುದುಕ “ಯಾರಮ್ಮ ಅದು? ಏನ್ ಬೇಕಿತ್ತು?” ಎಂದು ಗದರಿದ. “ಏನಿಲ್ಲ ಸಾರ್,” ಎಂದು ಕಳ್ಳಿಯ ಹಾಗೆ ಸರಸರನೆ ನಡೆದಳು.

ಚೆಲುವಾಂಬ ಪಾರ್ಕಿನಲ್ಲಿ ಬೆಳಿಗ್ಗೆ ಕೂತಿದ್ದ ಬೆಂಚು ಸಿಕ್ಕಿತು. ಅದರ ಮೇಲೆ ಈಗ ಒಬ್ಬ ದಪ್ಪನೆಯ ಗಂಡಸು ಚಪ್ಪಲಿ ಬಿಚ್ಚಿ ಮಲಗಿದ್ದ. ಅವನು ಏಳುವ ತನಕ ಸುತ್ತಲ ಹುಲ್ಲನ್ನು ಕಾಲಿನಿಂದ ಸವರುತ್ತ ನಿಂತಳು. ಇಲ್ಲೇ ಕೂತು ಬೆವರು ಒರೆಸಿಕೊಂಡಿದ್ದಳು. ಹೊಸ ಚೂಡಿದಾರದ ದುಪ್ಪಟ್ಟಾವನ್ನು ಒಂದು ಸಲ ಪೂರ್ತಿ ತೆಗೆದು ಮಡಿಲಲ್ಲಿಟ್ಟುಕೊಂಡು ಬರಿಯ ಕೊರಳಿಗೆ ಗಾಳಿ ಕೊಟ್ಟಿದ್ದಳು. ಎಷ್ಟು ಸುಖವಾಗಿತ್ತು ಅದು. ಬುದ್ಧಿ ಬಂದಾಗಿನಿಂದ ಆ ಜಾಗಕ್ಕೆ ದಾರ ಸೋಕದ ಗಾಳಿ ತಗುಲಿರಲಿಲ್ಲ. ಆ ಸುಖಕ್ಕಾಗಿಯೇ ತೆಗೆದಿದ್ದೆನೆ? ಅಲ್ಲ. ಅಷ್ಟು ಧೈರ್ಯ ಅವಳಿಗೆಲ್ಲಿಯದು. ಹಿಂದಿನ ಸಂಜೆ ಲಾಡ್ಜಿನಲ್ಲಿ ರಿಜಿಸ್ಟರಿಗೆ ಸಹಿ ಹಾಕಲು ಬಗ್ಗಿದಾಗ ಸೆರಗಿನ ಅಂಚಿನಿಂದ ದಾರ ಇಣುಕಿತ್ತು. ಮೇಜಿನ ಹಿಂದಿದ್ದ ಕುಮಾರ್ ಎಂಬವನು ಅದನ್ನು ನೋಡಿ, “ಮಠಕ್ಕೆ ಬಂದಿದ್ದೀರಾ ಅಮ್ಮ? ಒಬ್ರೇನಾ? ಯಜಮಾನ್ರು ಆಮೇಲೆ ಬರ್ತಾರಾ?” ಎಂದು ಬಹಳ ಮರ್ಯಾದೆಯಿಂದಲೇ ಕೇಳಿದ್ದ. ಅವನ ಮರ್ಯಾದೆ ಅವಳಿಗೆ ಕಪಾಳಕ್ಕೆ ಹೊಡೆದ ಹಾಗಾಗಿತ್ತು. ಯಾರಿಗೂ ತನ್ನ ಗುರುತಿಲ್ಲದ ಊರಿಗೆ ಬಂದು ಇನ್ನೂ ಕಾಲು ತೊಳೆದುಕೊಂಡಿಲ್ಲ, ಆಗಲೇ ಒಬ್ಬನಿಗೆ ಅವಳು ಇಂಥವರ ಮನೆಯವಳೇ ಎಂದು ಗೊತ್ತಾಗಿಬಿಟ್ಟಿದೆ! ಆ ಸಿಟ್ಟಿಗೆ ಬೆಳಿಗ್ಗೆ ಪೂಜೆಯನ್ನೂ ಮಾಡದೆ, ಕರಡಿಗೆಯನ್ನು ಬಿಚ್ಚಿಯೂ ನೋಡದೆ ತೆಗೆದಿಟ್ಟಳು. ಒಂದೇ ಒಂದು ದಿನ, ಸಂಜೆ ಮತ್ತೆ ಹಾಕಿಕೊಳ್ಳುತ್ತೇನೆ ಎಂದು ಕನ್ನಡಿಗೆ ಹೇಳಿದ್ದಳು. ಕನ್ನಡಿಗೇ ಹೇಳಿದ್ದು, ಲಿಂಗಕ್ಕಲ್ಲ.

ಬೆಂಚಿನ ಗಂಡಸು ಎದ್ದು ಹೋದ. ಬೆಂಚಿನ ಕೆಳಗೆ ಕಡಲೆಕಾಯಿ ಸಿಪ್ಪೆ ಬಿಟ್ಟರೆ ಏನೂ ಇರಲಿಲ್ಲ. ಕಸ ಗುಡಿಸುತ್ತಿದ್ದ ಹೆಂಗಸನ್ನು ಕೇಳಿದಳು. ಇಲ್ಲಿಯೂ ಅವಳ ಬಾಯಿಂದ ಬಂದದ್ದು ಬೆಳ್ಳಿ ಡಬ್ಬಿ ಎಂದೇ. ಆ ಹೆಂಗಸು ಇಲ್ಲವೆಂದು ತಲೆಯಾಡಿಸಿದಳು.

ಬಿಸಿಲು ನೆತ್ತಿಗೆ ಬಂದಿತ್ತು. ರೈಲ್ವೆ ಸ್ಟೇಷನ್ನಿನ ದಾರಿಯಲ್ಲಿ ತಳ್ಳುಗಾಡಿಯ ಮೇಲೆ ಎಳನೀರು ರಾಶಿ ಬಿದ್ದಿತ್ತು. ಮಾರುವವನು ಅವಳ ಮುಖ ನೋಡಿದ್ದೇ ಒಂದನ್ನು ಕೈಗೆತ್ತಿಕೊಂಡು ಮಚ್ಚು ಎತ್ತಿದ. ಬೇಡ ಬೇಡ ಎಂದು ಕೈಯಾಡಿಸಿದಳು. ತೆಂಗಿನಕಾಯಿಯ ಮೇಲೆ ಬದುಕುವ ಮನೆಯವಳು ಎಳನೀರಿನ ಗಾಡಿಯ ಮುಂದೆ ಬಾಯಾರಿ ನಿಂತಿದ್ದೇನೆ ಎಂದು ನಗು ಬರಬೇಕಾಗಿತ್ತು, ಬರಲಿಲ್ಲ. ನಾಲಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಅತ್ತೆ ಬಸಮ್ಮ ಅಂದು ಬಾವಿ ಕಟ್ಟೆಯ ಮೇಲೆ ಕೂತಾಗ ಅವರ ನಾಲಗೆಯೂ ಹೀಗೇ ಆಗಿತ್ತೇನೊ. ಹೇಮಶ್ರೀ ಮದುವೆಯಾಗಿ ಬಂದ ಹೊಸದು. ನೀರು ಸೇದುವಾಗ ಅತ್ತೆಯ ದಾರ ಸವೆದು ಹರಿದು ಕರಡಿಗೆ ಬಾವಿಗೆ ಬಿತ್ತು. ಪಾತಾಳಗರಡಿ ತಂದು ಜಾಲಾಡಿದರು, ಸಿಗಲಿಲ್ಲ. ಬಾವಿಗೆ ಇಳಿಯುವವನು ಬೇರೆ ಊರಿನಿಂದ ಬರಬೇಕಾಗಿತ್ತು. ಬಸಮ್ಮ ಕಟ್ಟೆ ಬಿಟ್ಟು ಏಳಲಿಲ್ಲ. ಅಳಲಿಲ್ಲ, ಯಾರನ್ನೂ ಬಯ್ಯಲಿಲ್ಲ, ತೊಟ್ಟಿಲ ಪಕ್ಕ ಕೂತವರ ಹಾಗೆ ಬಾವಿಯ ಕಡೆ ನೋಡುತ್ತ ಕೂತಿದ್ದರು. ಹೊಸ ಸೊಸೆ ಹೆದರುತ್ತ ಒಂದು ಚೆಂಬು ನೀರು ತಂದಿತ್ತಾಗ, “ಬೇಡ ಕಣಮ್ಮ. ಅದು ಅಲ್ಲಿ ಕತ್ಲಲ್ಲಿ ಒಬ್ಬೊಂಟಿ ಕೂತದೆ. ಅದುನ್ನ ಬುಟ್ಟು ನಾನೆಂಗೆ ಕುಡೀಲಿ,” ಎಂದಿದ್ದರು. ಮಾರನೆಯ ದಿನ ಸಿಕ್ಕಿತು. ಮೊದಲು ಅದಕ್ಕೆ ನೀರೆರೆದು, ಆಮೇಲೆ ತಾವು ಕುಡಿದರು. ಹೇಮಶ್ರೀಗೆ ಆಗ ಒಳಗೊಳಗೇ ಅದೆಲ್ಲ ಅತಿಯಾಯಿತು ಅನ್ನಿಸಿತ್ತು. ಅನ್ನಿಸಿದ್ದನ್ನು ಎಂದೂ ಬಾಯಿ ಬಿಟ್ಟು ಹೇಳಲಿಲ್ಲ. ಎದುರು ಕೂತು ದಿನವೂ ಪೂಜೆ ಮಾಡಿದಳು. ಈಗ ಅತ್ತೆಯ ಎರಡೂ ಕಣ್ಣು ಮಂಜಾಗಿವೆ. ಪೂಜೆ ಮುಗಿದ ಮೇಲೆ ಇಬ್ಬರ ಲಿಂಗವನ್ನೂ ತೊಳೆದು, ಒಂದೇ ತಟ್ಟೆಯಲ್ಲಿಟ್ಟು, ಒರೆಸಿ, ಅವರದನ್ನು ಅವರ ಕರಡಿಗೆಗೆ, ತನ್ನದನ್ನು ತನ್ನದಕ್ಕೆ ತುಂಬುವುದು ಹೇಮಶ್ರೀಯ ಕೆಲಸ. ನೆನ್ನೆಯೂ ಮಾಡಿದ್ದಳು. ಬಸ್ಸಿನ ಹೊತ್ತಾಗುತ್ತಿತ್ತು, ಚೀಲದ ತಳದಲ್ಲಿ ಬಚ್ಚಿಟ್ಟಿದ್ದ ಚೂಡಿದಾರ ಯಾರ ಕಣ್ಣಿಗಾದರೂ ಬಿದ್ದೀತೆಂಬ ಪುಕಪುಕ ಬೇರೆ. ಕೈ ಏನು ಮಾಡಿತೋ ಮನಸ್ಸು ನೋಡಲಿಲ್ಲ. ಹಿನಕಲ್ಲಿನಲ್ಲಿ ಗೆಳತಿ ಮಾಲವಿಕಾಳ ಮನೆಯ ಗೃಹಪ್ರವೇಶ ಎಂದು ಹೇಳಿ ಹೊರಟಿದ್ದಳು. ಮಾಲವಿಕಾ ಎಂಬ ಗೆಳತಿ ಇದ್ದದ್ದು ನಿಜ. ಅವಳು ಈಗ ಯಾವ ಊರಿನಲ್ಲಿದ್ದಾಳೋ ದೇವರಿಗೇ ಗೊತ್ತು. ಬಸಮ್ಮ ತಡವಿ ತಡವಿ ಬಂದು ಸೊಸೆಯ ಕೈಗೆ ಒಂದು ರವಿಕೆ ಕಣ ಇಟ್ಟು, “ಬರಿಗೈಲಿ ಹೋಗ್ಬ್ಯಾಡ,” ಎಂದಿದ್ದರು. ಆ ಕಣ ಈಗ ಲಾಡ್ಜಿನ ಮಂಚದ ಮೇಲೆ ಬಿದ್ದಿದೆ.

ಸ್ಟೇಷನ್ ದಾಟಿ ಪೇಟೆಯ ಕಡೆ ನಡೆದಳು. ಒಂದು ಮಠದ ಗೇಟಿನ ಪಕ್ಕ ವಿಭೂತಿ, ರುದ್ರಾಕ್ಷಿ, ಕರಡಿಗೆ ಮಾರುವ ಅಂಗಡಿ ಕಂಡಿತು. ಬೆಳಿಗ್ಗೆ ಇದನ್ನು ನೋಡಿ ಬೇಕೆಂದೇ ಎದುರು ಬದಿಗೆ ದಾಟಿ ಹೋಗಿದ್ದಳು. ಈಗ ಕಾಲು ತಾನಾಗಿಯೇ ಮೆಟ್ಟಿಲು ಹತ್ತಿತು. ಅಂಗಡಿಯ ಶಿವಮಲ್ಲಪ್ಪನವರು ಹಣೆತುಂಬ ವಿಭೂತಿಯ, ಒಳ್ಳೆಯ ಮುಖದ ಮನುಷ್ಯ. ಯಾರಾದರೂ ಕರಡಿಗೆ ಸಿಕ್ಕಿತೆಂದು ತಂದುಕೊಟ್ಟಿದ್ದಾರೆಯೆ ಎಂದು ಕೇಳಿದಳು. ಇಲ್ಲಿ ಮಾತ್ರ ಡಬ್ಬಿ ಅನ್ನಲಾಗಲಿಲ್ಲ.

“ಅಯ್ಯೋ, ಕಳ್ಕೊಂಡ್ರಾ ತಾಯಿ? ಯಾವಾಗ?”

“ಬೆಳಿಗ್ಗೆ. ದಾರ ಹರೀತು ಅಂತ ಕಾಣುತ್ತೆ.” ಸುಳ್ಳು ಎಷ್ಟು ಸಲೀಸಾಗಿ ಬಂತು.

“ನೀರುಗೀರು ಬಿಟ್ಟು ಕೂತ್ಕೊಂಡಿದ್ದೀರೇನು? ತುಟಿ ನೋಡಿ ಎಂಗೆ ಬಿರುಕು ಬಿಟ್ಟದೆ. ಈ ಕಾಲ್ದಲ್ಲಿ ಯಾರ್ ತಾಯಿ ಅಂಗೆಲ್ಲ ಮಾಡ್ತಾರೆ? ಬೇರೆ ತಗೊಳ್ಳಿ, ಊರಿಗೋಗಿ ನಿಮ್ಮ ಗುರುಗಳ ಕೈಲಿ ಕಟ್ಟಿಸ್ಕೊಳ್ಳಿ. ಮುಗೀತು.” ಅವರು ಒಂದು ತಟ್ಟೆಯನ್ನು ಎಳೆದು ಅವಳ ಮುಂದಿಟ್ಟರು. ತಟ್ಟೆಯ ತುಂಬ ಲಿಂಗಗಳು. ಎಲ್ಲವೂ ಕಪ್ಪು, ಎಲ್ಲವೂ ನುಣುಪು, ಎಲ್ಲವೂ ಒಂದೇ ಅಳತೆ. “ನಿಮ್ದು ಎಂಗಿತ್ತು ಹೇಳಿ, ಅಂಥದ್ದೇ ಕೊಡ್ತೀನಿ.”

ಹೇಮಶ್ರೀ ತಟ್ಟೆಯನ್ನು ನೋಡಿದಳು. ಹೇಳಲು ಅವಳ ಹತ್ತಿರ ಏನೂ ಇರಲಿಲ್ಲ. ಕಪ್ಪಗಿತ್ತು. ದುಂಡಗಿತ್ತು. ಬಾಲ್ಯದಿಂದ ದಿನವೂ ಅಂಗೈಯಲ್ಲಿಟ್ಟು ಕಣ್ಣು ನೆಟ್ಟು ನೋಡಿದ ವಸ್ತುವಿಗೆ ಒಂದು ಗುರುತು, ಒಂದು ಗೀರು, ಒಂದು ಓರೆ ಇತ್ತೆ ಎಂದು ಅವಳಿಗೆ ಗೊತ್ತಿರಲಿಲ್ಲ. ನೋಡುತ್ತ ಕೂತ ಆ ಹೊತ್ತೆಲ್ಲ ಒಲೆಯ ಮೇಲಿನ ಹಾಲು, ಗಂಡನ ತಿಂಡಿ, ಕೆಲಸದ ಸಾಕಮ್ಮ ಬಂದಳೋ ಇಲ್ಲವೋ, ಇವೇ ಅಂಗೈಯಲ್ಲಿ ಇದ್ದವು. ಅವಳ ಲಿಂಗವನ್ನು ಯಾರಾದರೂ ಈ ತಟ್ಟೆಯಲ್ಲೇ ತಂದು ಹಾಕಿದ್ದರೂ ಎತ್ತಿಕೊಳ್ಳಲು ಅವಳಿಂದ ಆಗುತ್ತಿರಲಿಲ್ಲ. ಒಂದನ್ನು ಕೊಂಡು ದಾರಕ್ಕೆ ಕಟ್ಟಿಕೊಂಡು ಹೋದರೆ ಯಾರಿಗೆ ಗೊತ್ತಾಗುತ್ತದೆ? ಅತ್ತೆಗೆ ಕಣ್ಣಿಲ್ಲ. ಗಂಡ ಎಂದೂ ಅವಳ ಕೊರಳಿನ ಕಡೆ ಆ ದೃಷ್ಟಿಯಿಂದ ನೋಡಿದವನಲ್ಲ. ವಾರ ಕಳೆದರೆ ಅವಳಿಗೇ ಮರೆತುಹೋಗುತ್ತದೆ. ಈ ಯೋಚನೆಯಿಂದ ಸಮಾಧಾನವಾಗಬೇಕಿತ್ತು, ಆದರೆ ಬೆನ್ನಿನಲ್ಲಿ ಚಳಿ ಹುಟ್ಟಿತು. ಹಾಗಾದರೆ ಇಷ್ಟು ವರ್ಷ ಎದೆಯ ಮೇಲೆ ಇದ್ದದ್ದು ಏನು? ಇದನ್ನು ಕಳೆದುಕೊಂಡೆನೆಂದು ಅಳುವ ಹಕ್ಕಾದರೂ ತನಗಿದೆಯೆ? “ಆಮೇಲೆ ಬರ್ತೀನಿ,” ಎಂದು ಮೆಟ್ಟಿಲಿಳಿದಳು. “ನೀರು ಕುಡೀರಿ ತಾಯಿ ಮೊದ್ಲು,” ಎಂದು ಹಿಂದಿನಿಂದ ಶಿವಮಲ್ಲಪ್ಪನವರು ಕೂಗಿದರು. ಕುಡಿಯಬೇಡ ಎಂದು ಅವರು ಗದರಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ದೇವರಾಜ ಮಾರ್ಕೆಟ್ಟನ್ನು ಮುಟ್ಟುವಾಗ ಕಣ್ಣಿಗೆ ಕತ್ತಲೆ ಬರತೊಡಗಿತ್ತು. ಬೆಳಿಗ್ಗೆ ಹೂವಿನ ಸಾಲಿನಲ್ಲಿ ಅವಳು ಬಹಳ ಹೊತ್ತು ನಿಂತಿದ್ದಳು. ಚಾಮುಂಡಮ್ಮ ಎಂಬ ಹೂವಿನವಳ ಹತ್ತಿರ ಮಲ್ಲಿಗೆ ಕೊಂಡು, ಒದ್ದೆಯಾದ ಕೈಯನ್ನು ಒರೆಸಿಕೊಂಡಿದ್ದಳು. ಈಗ ನೆನಪಾಯಿತು, ಹೌದು, ಒರೆಸಿಕೊಂಡಿದ್ದು ಇಲ್ಲಿಯೇ. ಮೊದಲನೆಯ ಸಲ ಕರವಸ್ತ್ರ ಎಳೆದದ್ದು ಇಲ್ಲಿಯೇ! ಲಾಡ್ಜಿನಿಂದ ಇಲ್ಲಿಯ ತನಕ ನೆರಳಿನಲ್ಲಿ ಬಂದಿದ್ದಳು, ಬೆವರೇ ಇರಲಿಲ್ಲ. ಬಿದ್ದಿದ್ದರೆ ಇಲ್ಲಿಯೇ ಬಿದ್ದಿರಬೇಕು. ಊರೆಲ್ಲ ತಲೆ ಎತ್ತಿಕೊಂಡು ಸುತ್ತಿದಳಲ್ಲ, ಅಷ್ಟು ಹೊತ್ತೂ ಕರವಸ್ತ್ರ ಖಾಲಿಯಾಗಿಯೇ ಇತ್ತು. ಜನರನ್ನು ತಳ್ಳಿಕೊಂಡು ಓಡಿದಳು. ಚಾಮುಂಡಮ್ಮ ಕನಕಾಂಬರ ಕಟ್ಟುತ್ತ ಕೂತಿದ್ದಳು. ಅವಳ ಮುಂದಿನ ನೆಲವನ್ನು ಚೊಕ್ಕಟವಾಗಿ ಗುಡಿಸಿ ನೀರು ಹಾಕಿತ್ತು.

“ಅಕ್ಕ, ಬೆಳಿಗ್ಗೆ ನಿಮ್ಮತ್ರ ಹೂ ತಗೊಂಡೆನಲ್ಲ. ಇಲ್ಲೇನಾದ್ರೂ ಬಿದ್ದಿತ್ತಾ? ಬೆಳ್ಳಿದು...” ಎಂದು ಶುರುಮಾಡಿದವಳು ತಡೆದು, “ನನ್ನ ಲಿಂಗ. ಲಿಂಗದ ಕರಡಿಗೆ,” ಎಂದಳು.

ಚಾಮುಂಡಮ್ಮನ ಬೆರಳು ನಿಂತಿತು. “ಅಯ್ಯೋ ಶಿವ್ನೆ! ಕೊಳ್ಳಾಗಿರೋದು ಎಂಗ್ ಬಿತ್ತವ್ವ?”

“ನಾನೇ ತೆಗೆದಿದ್ದೆ.” ಮಾತು ಹೊರಬಿದ್ದ ಮೇಲೆ ಹೇಮಶ್ರೀಗೆ ಅಳು ತಡೆಯಲಾಗಲಿಲ್ಲ. “ನಾನೇ ತೆಗೆದು ಚೀಲಕ್ಕೆ ಹಾಕಿದ್ದೆ ಅಕ್ಕ. ಸುಮ್ನೆ. ಯಾರೂ ಗುರ್ತಿಸ್ಬಾರ್ದು ಅಂತ.”

ಚಾಮುಂಡಮ್ಮ ಏನೂ ಕೇಳದೆ ಎದ್ದಳು. ಬುಟ್ಟಿಗಳನ್ನು ಸರಿಸಿದಳು, ಗೋಣಿ ಕೊಡವಿದಳು, ಬಾಳೆಯೆಲೆಯ ಕಂತೆಯನ್ನು ಬಿಚ್ಚಿ ನೋಡಿದಳು. ಪಕ್ಕದವರನ್ನೂ ಎಬ್ಬಿಸಿದಳು. “ಎಲ್ಲೂ ಇಲ್ವಲ್ಲವ್ವ. ಇದ್ರೂ ಬಾಡಿದ್ ಹೂವಿನ ಜೊತೆ ಹೊಂಟೋಗಿರ್ತದೆ. ಆವಾಗ್ಲೇ ಕಸದ ಗಾಡಿಯೋರು ಬಂದು ಎಲ್ಲಾ ಬಳ್ಕೊಂಡು ಹೋಗ್ಬುಟ್ರು.”

ಹೇಮಶ್ರೀ ಗೋಣಿಯ ಮೇಲೆ ಕುಸಿದಳು. ಚಾಮುಂಡಮ್ಮ ಅವಳ ತಲೆ ಹಿಡಿದು, ಹೂವಿಗೆ ಚಿಮುಕಿಸುವ ತಂಬಿಗೆಯನ್ನು ಬದಿಗಿಟ್ಟು, ತಾನು ಕುಡಿಯುವ ಸ್ಟೀಲ್ ಲೋಟಕ್ಕೆ ಬಾಟಲಿಯಿಂದ ನೀರು ಬಗ್ಗಿಸಿ ತುಟಿಗೆ ಹಿಡಿದಳು. “ಕುಡೀರವ್ವ. ಸತ್ತುಗಿತ್ತೋದೀರಿ. ಕುಡೀರಿ, ಅದೇನೂ ಅಂದ್ಕಳಲ್ಲ.” ಹೇಮಶ್ರೀ ಬಾಯಿ ಮುಚ್ಚಿಕೊಂಡಳು. ಆಮೇಲೆ ಯಾತಕ್ಕೆ ಮುಚ್ಚಿಕೊಂಡಿದ್ದೇನೆ ಎನ್ನಿಸಿತು. ಗುರುತೇ ಇಲ್ಲದ್ದಕ್ಕಾಗಿ ಬಾಯಾರುವುದು ಇನ್ನೊಂದು ನಾಟಕವಲ್ಲವೆ? ಬಾಯಿ ತೆರೆದಳು. ನೀರು ತಣ್ಣಗೆ ಒಳಗಿಳಿಯಿತು. ಗಟಗಟನೆ ಕುಡಿದಳು, ಲೋಟ ಖಾಲಿಯಾದ ಮೇಲೂ ತುಟಿ ತೆಗೆಯಲಿಲ್ಲ. ಏನೂ ಆಗಲಿಲ್ಲ. ಮಾರ್ಕೆಟ್ಟು ಹಾಗೇ ಗಲಗಲ ಅನ್ನುತ್ತಿತ್ತು, ಯಾರೋ ಕರಿಬೇವಿಗೆ ಚೌಕಾಸಿ ಮಾಡುತ್ತಿದ್ದರು. ಮುಗಿಯಿತು ಅನ್ನಿಸಿತು. ಭಯಂಕರವಾದ ಒಂದು ಹಗುರ ಮೈಯೆಲ್ಲ ಹರಡಿತು. ಇಷ್ಟೇನೆ? ಇಷ್ಟಕ್ಕೇ ಆಗಿನಿಂದ ಸತ್ತೆನೆ? ಮನೆಗೆ ಹೇಳಿಬಿಡುವುದು. ಕಳೆಯಿತು ಎನ್ನುವುದು. ಬೇಕಾದರೆ ತಾನೇ ತೆಗೆದೆ ಎಂದೂ ಹೇಳುವುದು. ಆ ಧೈರ್ಯದಲ್ಲಿಯೇ ನೆನ್ನೆ ಸಂಜೆಯಿಂದ ಆಫ್ ಮಾಡಿಟ್ಟಿದ್ದ ಫೋನನ್ನು ಆನ್ ಮಾಡಿದಳು.

ಗಂಡನ ಫೋನಿನಿಂದ ಬಂದಿದ್ದ ಕರೆಗಳ ಸುದ್ದಿ ಒಂದರ ಮೇಲೊಂದು ಬೀಳುತ್ತಿದ್ದ ಹಾಗೇ ಮತ್ತೆ ರಿಂಗಾಯಿತು.

“ಎಲ್ಲೋಗಿದ್ದೆ ನೀನು? ಬೆಳಿಗ್ಗೆಯಿಂದ ಮಾಡ್ತಾ ಇದೀನಿ,” ಎಂದ ಚಂದ್ರಮೌಳಿ. “ತಗೊ, ಅಮ್ಮ ಮಾತಾಡ್ತಾರಂತೆ. ಒಂದೇ ಹಠ, ಏನೂ ಮುಟ್ಟಿಲ್ಲ.”

“ಹೇಮಾ,” ಎಂದರು ಬಸಮ್ಮ. ದನಿ ಒಣಗಿ ಬಿರಿದಿತ್ತು. “ಗಾಬ್ರಿ ಬೀಳ್ಬ್ಯಾಡ ಕಣಮ್ಮ. ನಿಂದು ಇಲ್ಲೇ ಜ್ವಾಪಾನವಾಗಿ ಅದೆ.”

“ಏನತ್ತೆ?”

“ನಿನ್ ಲಿಂಗ ಕಣೇ. ನೆನ್ನೆ ಅವಸರದಾಗೆ ಅದಲು ಬದಲು ಮಾಡ್ಬುಟ್ಟಿದ್ದೀಯ. ನಿಂದು ನನ್ ಕರಡಿಗೇಲಿ ಇಟ್ಟು, ನನ್ದು ನೀನ್ ಹಾಕ್ಕೊಂಡು ಹೋಗಿದ್ದೀಯ. ಬೆಳಿಗ್ಗೆ ಪೂಜೇಗೆ ಅಂಗೈಲಿ ಇಟ್ಕೊಂಡೆ, ಇಟ್ಕೊಂಡೇಟ್ಗೇ ಗೊತ್ತಾಯ್ತು. ನಿಂದು ಒಂಚೂರು ಹಗುರ. ಒಂದು ಮಗ್ಗಲು ನುಣ್ಣಗೆ ಸವ್ದದೆ ನೋಡು, ನೀನು ಹೆಬ್ಬೆಟ್ಟು ಆಡುಸ್ತೀಯಲ್ಲ, ಅಲ್ಲಿ.”

ಹೇಮಶ್ರೀಯ ಹೆಬ್ಬೆರಳು ಖಾಲಿ ಲೋಟದ ಅಂಚಿನ ಮೇಲೆ ಆಡುತ್ತಿತ್ತು.

“ನಿಂಗೂ ಗೊತ್ತಾಗಿರ್ತದೆ, ಕೈಗಿಟ್ಕೊಂಡೇಟ್ಗೆ. ನೀನೂ ಏನೂ ಬಾಯ್ಗಾಕಿರಲ್ಲ ಅಂತ ನಂಗೊತ್ತು. ಪಾಪ, ಕಂಡೋರ ಮನೇಲಿ ಗೃಹಪ್ರವೇಶದ ಊಟ ಬುಟ್ಟು ಕೂತಿರ್ತೀಯ. ಅದುಕ್ಕೇ ಚಂದ್ರಂಗೆ ಮಾಡ್ಸು ಮಾಡ್ಸು ಅಂತ ಪ್ರಾಣ ತಿಂದೆ. ನನ್ದು ಬೆಚ್ಚಗೆ ಇಟ್ಕೊಂಡಿದ್ದೀಯ ತಾನೆ?”

“ಹೂಂ ಅತ್ತೆ.”

“ಸಂಜೆ ಬಸ್ಸಿಗೇ ಬಂದ್ಬುಡು. ನಾನು ಕಾಯ್ತೀನಿ. ಬಂದ್ಮೇಲೆ ಇಬ್ರೂ ಒಟ್ಟಿಗೇ ನೀರು ಕುಡಿಯಾಣ.”

ಫೋನು ಕೈಯಲ್ಲಿ ಹಾಗೇ ಇತ್ತು. ಗದ್ದದಿಂದ ಒಂದು ಹನಿ ನೀರು ಜಾರಿ ಬರಿಯ ಕೊರಳಿಗೆ ಇಳಿಯಿತು. ಅದನ್ನು ಒರೆಸಿಕೊಳ್ಳಲು ಕೈ ಕರವಸ್ತ್ರಕ್ಕೆ ಹೋಗಿ ನಿಂತಿತು.

“ಯಾರವ್ವ? ಮನೆಯೋರಾ?” ಎಂದಳು ಚಾಮುಂಡಮ್ಮ ಬಾಟಲಿ ಎತ್ತುತ್ತ. “ಇನ್ನೊಂದ್ ಲೋಟ ಕೊಡ್ಲಾ? ಇನ್ನೂ ಬಾಯಾರಿರಂಗೆ ಕಾಣ್ತೀರಿ.”

ಹೇಮಶ್ರೀ ಲೋಟವನ್ನು ಬೋರಲಾಗಿ ಗೋಣಿಯ ಮೇಲಿಟ್ಟು ಎದ್ದು ನಿಂತಳು.

“ಕಸದ ಗಾಡಿ ಯಾವ ಕಡೆ ಹೋಯ್ತು, ಅಕ್ಕ?”